ರೂಟು ಒಪ್ಪಿಸುವಾಗ

ಚೀಲ ಎಡಗಡೆಗೆ ಹಾಕಿಕೋ, ನೆಂಗ್.
ಆಗಾಗ ಹೆಗಲು ಬದಲಿಸು. ನಾನು ಬದಲಿಸಲಿಲ್ಲ,
ಇಪ್ಪತ್ತೊಂಬತ್ತು ವರ್ಷ. ನೋಡು, ಸುಮ್ಮನೆ ನಿಂತರೂ ವಾಲುತ್ತೇನೆ.
ಇವತ್ತು ನೀನು ಮುಂದೆ ನಡೆ,
ಹಿಂದಿನಿಂದ ನಾನು ಬಾಯಿ ಹಾಕುತ್ತೇನೆ.

ಈ ಪೆಟ್ಟಿಗೆ ಮುಟ್ಟಿ ನೋಡು. ಹೆಸರಿನ ಜಾಗ ಉಬ್ಬಿದೆಯಲ್ಲ,
ಒಬ್ಬರ ಚೀಟಿಯ ಮೇಲೆ ಇನ್ನೊಬ್ಬರದು.
ತಳದಲ್ಲಿ ವಿಟ್ಕೋವ್ಸ್ಕಿ, ಟೈಪು ಹೊಡೆದದ್ದು.
ಅದರ ಮೇಲೆ ಪೆಟ್‌ವೇ, ಅಲಬಾಮಾದಿಂದ ಬಂದವರು,
ಎಂಟು ಮಕ್ಕಳು, ತಿಂಗಳಿಗೊಂದು ಫ್ರಿಜ್ಜಿನ ಕಂತಿನ ಬಿಲ್ಲು.
ಅದರ ಮೇಲೆ ನಿಮ್ಮವರೇ ಯಾರೋ, ಥಾವ್.
ಈಗ ಮೇಲಿರುವುದು ನನ್ನ ಕೈಬರಹ: ಶೋಫಿಕಾ ಖಾತುನ್.
ಬಂದ ಹೊಸತರಲ್ಲಿ ಪೆನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು,
ಬರೆಯಲು ಬರುವುದಿಲ್ಲ ಅಂತ ಹೇಳಲೂ ಬರುತ್ತಿರಲಿಲ್ಲ.
ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೇ,
ಇಲ್ಲಿ ನೀರು ಅಂದರೆ ಈ ತಗಡಿನ ಡಬ್ಬಿ.
ಸುಲಿಯಬೇಡ. ಒಮ್ಮೆ ಸುಲಿಯಲು ಹೋಗಿ
ತಗಡೇ ಕಿತ್ತು ಕೈಗೆ ಬಂತು.

ಕಂಬಕ್ಕೆ ಮಿಲ್ವಾಕೀ ನಗರಸಭೆಯವರು ಬಟ್ಟೆ ಕಟ್ಟಿದ್ದಾರೆ, ನೋಡಿದೆಯಾ,
"ನಾನಾ ಬಣ್ಣ, ಒಂದೇ ಬೀದಿ" ಅಂತ.
ಒಂದೇ ಬೀದಿ, ನಿಜ.
ನಾಲ್ಕು ಬಾಗಿಲಾಚೆ ಯಾರಿದ್ದಾರೆ ಎಂದು
ನನ್ನನ್ನು ಕೇಳುತ್ತಾರೆ.
ಹಿಮ ಬಿದ್ದ ಮಾರನೇ ಬೆಳಿಗ್ಗೆ ಬಾ, ಗೊತ್ತಾಗುತ್ತದೆ.
ಟೇಪು ಹಿಡಿದು ಎತ್ತಿದಂತೆ
ಅವರವರ ಮನೆಯಷ್ಟೇ, ಅಂಗುಲ ಆಚೆಯಿಲ್ಲ.
ಕಿನ್ಯೋನೆಸ್ ಒಬ್ಬ ಎರಡು ಸಲಿಕೆ ಹೆಚ್ಚು ಎತ್ತುತ್ತಾನೆ,
ಕೇಳಿದರೆ ಲೆಕ್ಕ ತಪ್ಪಿತು ಅನ್ನುತ್ತಾನೆ.

ಹೋದ ವರ್ಷ ಯೂನಿವರ್ಸಿಟಿಯ ಹುಡುಗನೊಬ್ಬ
ಲೈಬ್ರರಿಯಲ್ಲಿ ನಕ್ಷೆ ಹರಡಿದ್ದ.
ಇಪ್ಪತ್ತೈದು ಜನಕ್ಕೊಂದು ಚುಕ್ಕೆ.
ನಮ್ಮವರಿಗೆ ಹಸಿರು, ನಿಮ್ಮವರಿಗೆ ಕೆಂಪು, ಬಿಳಿಯರಿಗೆ ನೀಲಿ.
ಹೈವೇಯ ಈಚೆ ಹಸಿರು, ಪಾಚಿ ಕಟ್ಟಿದ ಹಾಗೆ,
ಆಚೆ ನೀಲಿ, ಶಾಯಿಯ ಬಾಟಲಿ ಉರುಳಿದ ಹಾಗೆ.
ಈ ಆರು ಬೀದಿ ಮಾತ್ರ
ಯಾರೋ ಎಡವಿ ಚೆಲ್ಲಿದ ಕಾಳು.
ನಾನೆಲ್ಲಿ, ಅಂದೆ.
ವಿಳಾಸ ಕೇಳಿ ಬೆರಳಿಟ್ಟ. ಬೆರಳೆತ್ತಿದರೆ ಬರೀ ನೀಲಿ.
ನಾನು, ಡೆಲ್ರಾಯ್, ಇಬ್ಬರೇ.
ಚುಕ್ಕೆಯಾಗಲು ಇಪ್ಪತ್ತಮೂರು ಕಡಿಮೆ.

ಹೂಂ, ನನ್ನ ಮನೆ ಆಚೆ ಕಡೆ.
ಕೊಂಡ ಮೊದಲ ವಾರ. ಭಾನುವಾರ. ಯೂನಿಫಾರ್ಮಿಲ್ಲ,
ಚರ್ಚಿಗೆ ಹೊರಟ ಹಳದಿ ಹ್ಯಾಟು.
ಪಕ್ಕದ ಮನೆಯಾತ ಲಕೋಟೆ ಹಿಡಿದು ಬೇಲಿಗೆ ಬಂದ, ನಗುನಗುತ್ತಲೇ:
"ತಪ್ಪಿ ನಮಗೆ ಬಂದಿದೆ. ಮನೆಯವರು ಬಂದರೆ ಕೊಟ್ಟುಬಿಡಮ್ಮ."
ಕೊಡುತ್ತೇನೆ, ಅಂದೆ.
ಒಳಗೆ ಹೋಗಿ ನನ್ನದೇ ಊಟದ ಮೇಜಿನ ಮೇಲೆ ಇಟ್ಟೆ,
ವಿಳಾಸ ಮೇಲೆ ಮಾಡಿ, ಇಲಾಖೆ ಕಲಿಸಿದ ಹಾಗೆ.
ಯಾರಿಗೆ, ಅಂದ ಡೆಲ್ರಾಯ್.
ವರ್ಲೀನ್ ಟಿಬ್ಸ್ ಅನ್ನುವವರಿಗಂತೆ, ಅಂದೆ.

ಹನ್ನೊಂದು ವರ್ಷವಾಯಿತು. ಆತ ಈಗ ಟೊಮೇಟೊ ಕೊಡುತ್ತಾನೆ.
ಒಳ್ಳೆಯವನೇ. ಆ ಮಾತು ಅವನಿಗೆ ನೆನಪಿಲ್ಲ.
ನಾನು ನೆನಪಿಸಿಲ್ಲ. ಟೊಮೇಟೊ ಚೆನ್ನಾಗಿರುತ್ತವೆ.

ನಿಲ್ಲು! ಆ ಗೇಟು ತೆಗೆಯಬೇಡ.
ಆ ನಾಯಿ ಬೊಗಳುವುದಿಲ್ಲ, ಅದಕ್ಕೇ ಹೇಳಿದ್ದು.
ಮುಂದಿನ ಮನೆ. ಮೂರನೇ ಮೆಟ್ಟಿಲು ಸಡಿಲ.
ಮಹಡಿಗೆ ಹೊಸಬರು ಬಂದಿದ್ದಾರೆ ಎಲ್ಲಿಂದಲೋ,
ಕಿಟಕಿಗೆ ಇನ್ನೂ ಬೆಡ್‌ಶೀಟೇ ಪರದೆ.
ತಗೋ ಪೆನ್ನು, ಚೀಟಿ.
ಅವರು ಹೇಳಿದ ಹಾಗೇ ಬರೆ, ನಿನ್ನ ನಾಲಿಗೆಗೆ ತಿರುಗುವ ಹಾಗಲ್ಲ.
ತಿಳಿಯದಿದ್ದರೆ ಮತ್ತೆ ಕೇಳು, ನಾಚಿಕೆಯೇನು,
ನಿನ್ನದನ್ನು ನಾನು ನಾಲ್ಕು ಸಲ ಕೇಳಿದ್ದೆ.